ಪುಟ್ಟಿಯ ಎಡಗೈ

ಈಗಿನ ಮೊಬೈಲುಗಳಿಗೆ ಒಂದು ಕೆಟ್ಟ ಚಾಳಿ ಇದೆ. ಕೇಳಲಿ ಬಿಡಲಿ, ಹಳೆಯದನ್ನು ತೆಗೆದು ಮುಖಕ್ಕೆ ಹಿಡಿಯುತ್ತವೆ. ಮೊನ್ನೆ ಹಿತ್ತಿಲ ಕಲ್ಲಿನ ಮೇಲೆ ಕೂತು ಬಂಗುಡೆ ಕೊಯ್ಯುತ್ತಿದ್ದೆ. ಪಕ್ಕದಲ್ಲಿಟ್ಟಿದ್ದ ಮೊಬೈಲು ಟಿಣ್ ಎಂದಿತು. ನೋಡಿದರೆ, ಹೋದ ವರ್ಷ ಇದೇ ದಿನ ತೆಗೆದದ್ದು ಎಂದು ಹೇಳಿಕೊಂಡು, ತಾನೇ ಎಲ್ಲಿಂದಲೋ ಒಂದು ಪಿಟೀಲಿನ ಸದ್ದು ಸೇರಿಸಿಕೊಂಡು, ನನ್ನ ಮೊಮ್ಮಗಳು ಮೊದಲ ಸಲ ನಡೆದ ವೀಡಿಯೋ ಓಡಿಸತೊಡಗಿತ್ತು. ಕೈಯೆಲ್ಲ ಮೀನಿನ ರಕ್ತ. ಮೊಣಕೈಯಿಂದ ತಿವಿದು ಆರಿಸಲು ನೋಡಿದೆ. ಅದು ಮತ್ತೆ ಮೊದಲಿನಿಂದ ಶುರುವಾಯಿತು. ಹಾಗಾಗಿ ಪೂರ್ತಿ ನೋಡಬೇಕಾಯಿತು. ಇನ್ನು ನೋಡುವುದು ಬೇಡ ಎಂದು ಬಿಟ್ಟಿದ್ದ ವೀಡಿಯೋ ಅದು.

ಮೊಮ್ಮಗಳು ನಡೆದದ್ದನ್ನು ನೋಡಲು ಅಜ್ಜಿಗೆ ಏನು ಕಷ್ಟ ಎಂದು ನೀವು ಕೇಳಬಹುದು. ಹೇಳುತ್ತೇನೆ. ಆದರೆ ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಗೆ ನೆಟ್ಟಗೆ ಹೋಗುವ ಮಾತು ನನಗೆ ಬರುವುದಿಲ್ಲ. ಸುತ್ತಿ ಬಳಸಿ ಬರುತ್ತೇನೆ, ಜೊತೆಗೆ ಬನ್ನಿ.

ನನ್ನ ಮನೆ ತೀರ್ಥಹಳ್ಳಿಯಲ್ಲಿ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದೆ. ಮಕ್ಕಳಿಗೆ ಉಪ್ಪಿಟ್ಟು ಮಾಡಿ ಹಾಕುವುದು, ಮೂಗು ಒರೆಸುವುದು, ಕಚ್ಚಾಡಿದವರನ್ನು ಬಿಡಿಸುವುದು. ಊರಿನ ಅರ್ಧ ಮಕ್ಕಳ ಕುಂಡೆ ತೊಳೆದವಳು ನಾನು. ಈಗ ಅವರೆಲ್ಲ ಮೀಸೆ ಬಿಟ್ಟುಕೊಂಡು ಬೈಕಿನಲ್ಲಿ ಹೋಗುವಾಗ ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಾರೆ. ಮಕ್ಕಳೆಂದರೆ ನನಗೆ ವಿಶೇಷ ಪ್ರೀತಿ ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಅಕ್ಕಿ ಆರಿಸುವವರಿಗೆ ಅಕ್ಕಿಯ ಮೇಲೆ ಎಷ್ಟು ಪ್ರೀತಿಯೋ ಅಷ್ಟೇ.

ಕೆಲಸದಿಂದ ನಿವೃತ್ತಿಯಾಗಿ ಕಾಲು ಚಾಚಿ ಕೂರೋಣ ಎನ್ನುವಷ್ಟರಲ್ಲಿ ಸಾಗರದಿಂದ ಮಗಳು ಗೀತಾ ಫೋನು ಮಾಡಿದಳು. ಅವಳು ಖಾಸಗಿ ಶಾಲೆಯೊಂದರಲ್ಲಿ ಟೀಚರು. ಅಳಿಯ ಸುರೇಶನದು ಮೋಟಾರು ವೈಂಡಿಂಗ್ ಅಂಗಡಿ. ಹೆರಿಗೆ ರಜೆ ಮುಗಿದಿತ್ತು, ಮಗುವನ್ನು ನೋಡಿಕೊಳ್ಳಲು ಜನ ಬೇಕಿತ್ತು. ನಾನು ಬಟ್ಟೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ.

ಮಗುವಿಗೆ ಇಷಾನ್ವಿ ಎಂದು ಹೆಸರಿಟ್ಟಿದ್ದರು. ನಾನು ಪುಟ್ಟಿ ಎನ್ನುತ್ತೇನೆ. ಅದನ್ನು ಬೆಳೆಸುವ ಕ್ರಮವೆಲ್ಲ ಮೊಬೈಲಿನಲ್ಲಿತ್ತು. ಯಾವಾಗ ಕವುಚಬೇಕು, ಯಾವಾಗ ಅಂಬೆಗಾಲಿಡಬೇಕು, ಎಲ್ಲ ಅದು ಹೇಳುತ್ತಿತ್ತು. ಪುಟ್ಟಿ ಅದರ ಮಾತು ಕೇಳುತ್ತಿರಲಿಲ್ಲ. ವರ್ಷ ತುಂಬಿ ಮೇಲೆ ಕೆಲವು ತಿಂಗಳಾದರೂ ನಡೆಯಲಿಲ್ಲ. ನಿಲ್ಲಿಸಿದರೆ ಅಕ್ಕಿಮೂಟೆಯ ಹಾಗೆ ಕುಸಿದು ಕೂತು ನಮ್ಮ ಮುಖ ನೋಡಿ ನಗುತ್ತಿತ್ತು.

"ಅಮ್ಮ, ಎಂಥ ಮಾಡಾದು ಮಾರಾಯ್ತಿ? ನಮ್ಮ ಶಾಲೆ ಆಯಾನ ಮೊಮ್ಮಗ ಆಗಲೇ ಓಡ್ತದಂತೆ" ಎಂದು ಗೀತಾ ದಿನಾ ರಾಗ ತೆಗೆಯುತ್ತಿದ್ದಳು.

"ನೀನೂ ತಡವಾಗೇ ನಡೆದಿದ್ದು. ಆಮೇಲೆ ನಡೆದು ಎಂಥ ಗುಡ್ಡೆ ಹಾಕಿದೆ?" ಎಂದೆ. ಒಂದು ದಿನ ಮಾತು ಬಿಟ್ಟಳು. ಮನೆ ನಿಶ್ಶಬ್ದವಾಗಿತ್ತು, ಒಳ್ಳೆಯದಾಯಿತು.

ಬೇಸಿಗೆ ರಜೆ ಬಂತು. ಕಾರು ತೆಗೆದುಕೊಂಡು ಎಲ್ಲಿಗಾದರೂ ಹೋಗಬೇಕೆಂದು ಗಂಡ ಹೆಂಡತಿ ಕಿತ್ತಾಡಿ, ಕೊನೆಗೆ ಸಿಗಂದೂರಿಗೆ ಹೋಗಿ ಅಮ್ಮನವರಿಗೆ ಕೈಮುಗಿದು, ಹಿನ್ನೀರಿನ ದಂಡೆಯಲ್ಲಿ ಊಟ ಮಾಡಿ ಬರುವುದೆಂದಾಯಿತು. ಮೊದಲೆಲ್ಲ ಲಾಂಚಿನ ಮೇಲೆ ಬಸ್ಸು, ದನ, ಜನ ಎಲ್ಲ ಒಟ್ಟಿಗೆ ನಿಂತು ಹೊಳೆ ದಾಟುತ್ತಿದ್ದೆವು. ಈಗ ಸೇತುವೆ ಆಗಿದೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಆಚೆ ದಡ. ಲಾಂಚಿನಲ್ಲಿ ಒಂದಿಷ್ಟು ಹೆದರಿಕೆ ಇತ್ತು, ಹೆದರಿಕೆಗೆ ಒಂದಿಷ್ಟು ಭಕ್ತಿ ಇತ್ತು. ಸೇತುವೆಯ ಮೇಲೆ ಯಾರೂ ದೇವರನ್ನು ನೆನೆಯುವುದು ನಾನು ಕಾಣೆ. ಎಲ್ಲ ಸೆಲ್ಫಿ ತೆಗೆಯುತ್ತಾರೆ.

ದರ್ಶನ ಮುಗಿಸಿ ಬರುವಾಗ ಸುರೇಶ ಒಂದು ಮಣ್ಣು ದಾರಿಗೆ ಕಾರು ಇಳಿಸಿದ. ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಎಷ್ಟೋ ದೂರ ಹಿಂದೆ ಸರಿಯುತ್ತದೆ. ಬಿಟ್ಟುಹೋದ ನೆಲ ಬಿರುಕು ಬಿಟ್ಟು, ಅಲ್ಲಲ್ಲಿ ಎಳೆ ಹುಲ್ಲು ಹಬ್ಬಿಕೊಂಡಿರುತ್ತದೆ. ಅಣೆಕಟ್ಟು ಕಟ್ಟುವಾಗ ಮುಳುಗಿದ ಮರಗಳ ಬೊಡ್ಡೆಗಳು ಕಪ್ಪಗೆ ಇನ್ನೂ ನಿಂತಿವೆ. ಕೊಳೆಯುವುದನ್ನೇ ಮರೆತಿವೆ. ನಮ್ಮ ಕಡೆಯದು ಏನೂ ಅಲ್ಲಿ ಮುಳುಗಿಲ್ಲ. ನಾನು ಹೊಸನಗರದ ಕಡೆ ಹುಟ್ಟಿದವಳಾದರೂ ನಮ್ಮ ಮನೆ ಗುಡ್ಡದ ಮೇಲಿತ್ತು. ಆದ್ದರಿಂದ ಅಲ್ಲಿ ನಿಂತು ಕಣ್ಣೀರು ಹಾಕುವ ಕೆಲಸ ನನಗಿರಲಿಲ್ಲ. ಹಸಿವಾಗಿತ್ತು.

ಒಂದು ಮನೆಯ ಪಾಯ ಕಂಡಿತು. ಕೆಂಪು ಜಂಬಿಟ್ಟಿಗೆ ಕಲ್ಲಿನದು. ಗೋಡೆಯಿಲ್ಲ, ಸೂರಿಲ್ಲ, ಕೆಲವು ಕಡೆ ಕಲ್ಲೂ ಇಲ್ಲ. ಮೂಲೆಯಲ್ಲಿ ಒಂದು ಒರಳುಕಲ್ಲು ಅರ್ಧ ಹೂತುಕೊಂಡಿತ್ತು. ಹೊರಲಾರದೆ ಬಿಟ್ಟುಹೋಗಿದ್ದಿರಬೇಕು. ನೆಲ ಸಪಾಟಾಗಿದೆ ಎಂದು ಅಲ್ಲೇ ಚಾಪೆ ಹಾಸಿ, ಚಿತ್ರಾನ್ನ ಬಿಚ್ಚಿ ಕೂತೆವು. ಹೊಟ್ಟೆ ತುಂಬ ಉಂಡೆವು.

ಕೈ ತೊಳೆದು ತಿರುಗಿದರೆ ಪುಟ್ಟಿ ಎದ್ದು ನಿಂತಿತ್ತು. ಯಾರೂ ನಿಲ್ಲಿಸಿರಲಿಲ್ಲ. ಎಡಗೈಯನ್ನು ಪಕ್ಕಕ್ಕೆ, ತನ್ನ ಕಿವಿಯ ಎತ್ತರಕ್ಕೆ ಎತ್ತಿ, ಬೆರಳು ಮಡಚಿಕೊಂಡಿತ್ತು. ಆಮೇಲೆ ನಡೆಯಿತು.

"ರೀ, ರೀ, ಮೊಬೈಲು" ಎಂದಳು ಗೀತಾ. ಸುರೇಶ ವೀಡಿಯೋ ಹಿಡಿದ. ಅದೇ ಈ ವೀಡಿಯೋ. ಮಗು ನಾಲ್ಕು ಹೆಜ್ಜೆ ನೆಟ್ಟಗೆ ಬಂದು, ಏನೂ ಇಲ್ಲದ ಕಡೆ ನಿಂತು, ಎಡಕ್ಕೆ ತಿರುಗಿತು. ಮತ್ತೆ ಸ್ವಲ್ಪ ದೂರ ಹೋಗಿ ಬಲಕ್ಕೆ ತಿರುಗಿತು. ಎರಡು ಕಲ್ಲುಗಳ ನಡುವಿನ ಸಂದಿನಲ್ಲಿ ಕಾಲೆತ್ತಿ ದಾಟಿ ಹೊರಗೆ ಬಂತು. ಗೋಡೆ ಇದ್ದಿದ್ದರೆ ಹಾಗೆಯೇ ಬಳಸಿ ಬರಬೇಕಿತ್ತು. ಬಾಗಿಲು ಇದ್ದದ್ದು ಆ ಸಂದಿನಲ್ಲಿಯೇ ಇರಬೇಕು. ನಡುವೆ ಎರಡು ಸಲ ಎಡಕ್ಕೆ ಮುಖವೆತ್ತಿ ನೋಡಿತು. ಯಾರೋ ಮಾತಾಡಿಸಿದಾಗ ನೋಡುವ ಹಾಗೆ. ತುಂಬ ಮೇಲಕ್ಕೆ ನೋಡಲಿಲ್ಲ. ದೊಡ್ಡವರ ಮುಖ ನೋಡಬೇಕಾದರೆ ಮಗು ಕತ್ತು ಹಿಂದಕ್ಕೆ ಬಗ್ಗಿಸಬೇಕಲ್ಲ, ಅಷ್ಟು ಬಗ್ಗಿಸಲಿಲ್ಲ.

ಇದೆಲ್ಲ ಆಮೇಲೆ ನೋಡಿ ನೋಡಿ ತಿಳಿದದ್ದು. ಆಗ ನಾನೂ ಬೆಪ್ಪಿಯ ಹಾಗೆ ಚಪ್ಪಾಳೆ ತಟ್ಟಿದೆ.

ಹೊರಡುವಾಗ ಒಂದು ಮಾತಾಯಿತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಚಿಕ್ಕ ಮಕ್ಕಳನ್ನು ನೀರಿನ ಕಡೆಗೋ ಕಾಡಿನ ಕಡೆಗೋ ಕರೆದುಕೊಂಡು ಹೋದರೆ, ಹೊರಡುವಾಗ ತಾಯಿಯಾದವಳು ಮಗುವಿನ ಹೆಸರು ಹಿಡಿದು, ಬಾ ಮನೆಗೆ ಹೋಗೋಣ ಎಂದು ಕರೆಯಬೇಕು. ಮಗು ಕಂಕುಳಲ್ಲಿದ್ದರೂ ಕರೆಯಬೇಕು. ಮಗುವಿನ ಜೀವ ಇನ್ನೂ ಗಟ್ಟಿಯಾಗಿ ಮೈಗೆ ಅಂಟಿರುವುದಿಲ್ಲ, ಆಡುತ್ತ ಅಲ್ಲೇ ಉಳಿದುಬಿಡುತ್ತದೆ ಎಂದು. ನನ್ನ ಅಜ್ಜಿ ಹಳ್ಳದಿಂದ ಹೊರಡುವಾಗ ನಮ್ಮೆಲ್ಲರ ಹೆಸರನ್ನೂ ಒಂದೊಂದಾಗಿ ಕೂಗುತ್ತಿದ್ದಳು, ಕೊನೆಗೆ ಎಮ್ಮೆಕರುವಿನ ಹೆಸರನ್ನೂ ಕೂಗುತ್ತಿದ್ದಳು. ಒಂದು ಸಲ ನನ್ನ ಹೆಸರು ಮರೆತಳಂತೆ. ಅವತ್ತಿನಿಂದ ನನ್ನ ಅರ್ಧ ಬುದ್ಧಿ ಹಳ್ಳದಲ್ಲೇ ಉಳಿದಿದೆ ಎಂದು ಅಣ್ಣಂದಿರು ಹಂಗಿಸುತ್ತಿದ್ದರು. ನಾಲ್ಕನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರೂ ಅದನ್ನು ನಂಬಿದ್ದರು.

"ಹೆಸರು ಹಿಡಿದು ಕರಿಯೇ" ಎಂದೆ ಗೀತಾಳಿಗೆ.

"ಇಲ್ಲೇ ಸೊಂಟದ ಮೇಲೆ ಇದೆಯಲ್ಲಮ್ಮ. ಯಾರನ್ನ ಕರೀಲಿ?"

"ಬಾಯಿ ಸವೀತದಾ ನಿಂದು? ಕರಿ ಅಂದ್ರೆ ಕರಿ."

ಅವಳಿಗೆ ನಗು. ಗಂಡನ ಕಡೆ ಕಣ್ಣು ಮಿಟುಕಿಸಿ, ಆ ಪಾಯದ ಕಡೆ ತಿರುಗಿ, ಶಾಲೆಯಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುವ ದನಿಯಲ್ಲಿ ಕೂಗಿದಳು. "ಬನ್ರಪ್ಪ ಮಕ್ಕಳಾ, ಯಾರ್ಯಾರು ಇದೀರೋ ಎಲ್ಲ ಬನ್ನಿ. ಮನೆಗೆ ಹೋಗಾಣ. ಊಟಕ್ಕೇನೂ ಕಮ್ಮಿ ಇಲ್ಲ."

ಸುರೇಶ ನಕ್ಕ. ನನಗೆ ಸಿಟ್ಟು ಬಂತು. ಹೆಸರು ಹಿಡಿದು ಕರೆಯಬೇಕು ಎನ್ನುವುದು ಸುಮ್ಮನೆ ಅಲ್ಲ. ಆದರೆ ಮಗಳು ನಕ್ಕು ಎಷ್ಟೋ ದಿನವಾಗಿತ್ತು. ಹಾಳಾಗಿ ಹೋಗಲಿ ಎಂದು ಕಾರು ಹತ್ತಿದೆ.

ಸಾಗರಕ್ಕೆ ಬಂದ ಮೇಲೆ ಪುಟ್ಟಿ ದಿನವೂ ನಡೆಯಿತು. ಆದರೆ ಎಡಗೈ ಎತ್ತಿಕೊಂಡೇ. ನಾವು ಕೈ ಹಿಡಿಯಲು ಹೋದರೆ ಬಲಗೈ ಕೊಡುತ್ತಿತ್ತು. ಎಡಗೈ ಹಿಡಿದರೆ ಕೊಸರಿ ಬಿಡಿಸಿಕೊಳ್ಳುತ್ತಿತ್ತು, ಅದು ಖಾಲಿ ಇಲ್ಲ ಎನ್ನುವ ಹಾಗೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆಯ ತಪ್ಪದಿರಲು ಕೆಲವು ಮಕ್ಕಳು ಹೀಗೆ ಮಾಡುತ್ತವೆ, ತಾನಾಗಿ ಹೋಗುತ್ತದೆ ಎಂದರು. ಅದು ಸರಿಯೇ ಇರಬಹುದು. ಅಂಗನವಾಡಿಯಲ್ಲಿ ಎರಡೂ ಕೈ ಎತ್ತಿ ನಡೆದ ಮಕ್ಕಳನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಒಂದೇ ಕೈ ಎತ್ತಿ, ಆ ಕಡೆ ನೋಡಿ ನಗುವ ಮಗುವನ್ನು ಮಾತ್ರ ನೋಡಿರಲಿಲ್ಲ.

ಹೊಸ್ತಿಲ ಬಳಿ ಬಂದರೆ ಪುಟ್ಟಿ ನಿಲ್ಲುತ್ತಿತ್ತು. ಪಕ್ಕಕ್ಕೆ ಸ್ವಲ್ಪ ಸರಿದು, ಒಂದು ಗಳಿಗೆ ಬಿಟ್ಟು, ಆಮೇಲೆ ದಾಟುತ್ತಿತ್ತು. ರಾಗಿ ಮಣ್ಣಿ ತಿನ್ನಿಸಲು ಕೂತರೆ ಒಂದು ಚಮಚಕ್ಕೆ ಬಾಯಿ ತೆರೆಯುತ್ತಿತ್ತು, ಮುಂದಿನ ಚಮಚಕ್ಕೆ ತುಟಿ ಬಿಗಿದು ಎಡಪಕ್ಕಕ್ಕೆ ನೋಡುತ್ತಿತ್ತು. ಚಮಚವನ್ನು ಆ ಕಡೆ ಗಾಳಿಗೆ ಒಮ್ಮೆ ಹಿಡಿದು ತಂದರೆ ಮತ್ತೆ ತಿನ್ನುತ್ತಿತ್ತು. ಬೇಗ ಉಣ್ಣಿಸಿ ಎದ್ದರೆ ಸಾಕು ಎಂದು ನಾನೂ ಹಾಗೇ ಮಾಡತೊಡಗಿದೆ. ಒಂದು ಸಲ ಆ ಕಡೆ ಹಿಡಿದ ಚಮಚವನ್ನು, ತಿಂದಾಯಿತೋ ಇಲ್ಲವೋ ಎಂದು ಬಗ್ಗಿ ನೋಡಿಬಿಟ್ಟೆ. ಮಣ್ಣಿ ಇದ್ದ ಹಾಗೇ ಇತ್ತು. ಯಾಕೆ ನೋಡಿದೆ ಎಂದು ನನ್ನನ್ನೇ ಬೈದುಕೊಂಡು ಬಟ್ಟಲು ತೊಳೆಯಲು ಎದ್ದೆ.

ಗೀತಾಳ ಶಾಲೆ ಶುರುವಾಗಿತ್ತು, ಬೆಳಿಗ್ಗೆ ಓಡುವಳು, ಸಂಜೆ ಬರುವಳು. ಒಂದು ಭಾನುವಾರ ಅವಳ ತಲೆಗೆ ಎಣ್ಣೆ ಹಾಕುತ್ತಿದ್ದೆ.

"ಅಮ್ಮ, ಅವಳ ಎಡಗೈ ನೋಡಿದ್ಯಾ?" ಎಂದಳು, ನನಗೆ ಬೆನ್ನು ಮಾಡಿಕೊಂಡೇ.

"ಎಂಥ ನೋಡಾದು?"

"ಅಂಗೈ ಯಾವಾಗ್ಲೂ ಒದ್ದೆ. ಒರೆಸ್ತೀನಿ, ಮತ್ತೆ ಒದ್ದೆ. ಬಲಗೈ ಒಣಗೇ ಇರ್ತದೆ."

"ಮಕ್ಕಳ ಕೈ ಬೆವರ್ತದೆ."

"ಬೆವರಾದ್ರೆ ಕೆಸರಿನ ವಾಸನೆ ಯಾಕೆ ಬರ್ತದೆ?"

ನಾನು ಇನ್ನಷ್ಟು ಎಣ್ಣೆ ಸುರಿದು ತಿಕ್ಕಿದೆ. ಅವಳೇ, "ನಾನು ಸುಮ್ನೆ ತಮಾಷೆಗೆ ಕರೆದಿದ್ದು" ಎಂದಳು. ಚಿಕ್ಕವಳಿದ್ದಾಗ ಲೋಟ ಒಡೆದು ಬಂದು ನಿಂತಾಗಿನ ದನಿ ಅದು.

"ಮಕ್ಕಳಿಗೆ ತಮಾಷೆ ತಿಳೀತದಾ?" ಎಂದುಬಿಟ್ಟೆ. ಹೇಳಬಾರದಿತ್ತು. ನನ್ನ ಬಾಯಿಗೆ ಬಾಗಿಲಿಲ್ಲ.

ಅಷ್ಟಕ್ಕೇ ಇದ್ದಿದ್ದರೆ ನಾನು ಹೀಗೇ ನಡೆಸಿಕೊಂಡು ಹೋಗುತ್ತಿದ್ದೆ. ಮನೆಯಲ್ಲಿ ಒಂದು ತಟ್ಟೆ ಹೆಚ್ಚು ಹಾಕುವುದು ನಮಗೇನು ಹೊಸತಲ್ಲ. ಆದರೆ ಸಂಪಿನ ಬಳಿ ನಡೆದದ್ದು ಹಾಗೆ ಬಿಡುವಂಥದ್ದಾಗಿರಲಿಲ್ಲ.

ಮನೆಯ ಪಕ್ಕದಲ್ಲಿ, ಕಾಂಪೌಂಡು ಗೋಡೆಗೂ ಮನೆಗೂ ನಡುವೆ, ನೆಲದೊಳಗೆ ನೀರಿನ ಸಂಪು ಇದೆ. ಪಂಪು ನೀರೆಳೆಯುತ್ತಿಲ್ಲ ಎಂದು ಸುರೇಶ ಅದರ ಮುಚ್ಚಳ ತೆಗೆದಿದ್ದ. ಅಷ್ಟರಲ್ಲಿ ಯಾರೋ ಗಿರಾಕಿ ಫೋನು ಮಾಡಿದರೆಂದು ಮಾತಾಡುತ್ತ ಗೇಟಿನ ಕಡೆ ಹೋಗಿದ್ದ. ಪುಟ್ಟಿ ಜಗುಲಿಯಲ್ಲಿ ಆಡುತ್ತಿದೆ ಎಂದು ನಾನು ತಿಳಿದಿದ್ದೆ. ಅಡುಗೆಮನೆ ಕಿಟಕಿಯಿಂದ ನೋಡಿದರೆ ಸಂಪಿನ ಬಾಯಿಯ ಅಂಚಿನಲ್ಲಿ ನಿಂತಿದೆ. ಎಡಗೈ ನೆಟ್ಟಗೆ ಚಾಚಿ ಸೆಟೆದುಕೊಂಡಿದೆ, ಮೈ ಓರೆಯಾಗಿದೆ. ಯಾರೋ ಜಗ್ಗುತ್ತಿರುವ ಹಾಗೆ. ಕಿರುಚಿ ಅಳುತ್ತಿದೆ.

ಹೇಗೆ ಓಡಿದೆನೋ ಗೊತ್ತಿಲ್ಲ. ನನ್ನ ಮಂಡಿನೋವು ಸುಳ್ಳು ಎಂದು ಗೀತಾ ಇಂದಿಗೂ ಅದನ್ನೇ ಸಾಕ್ಷಿ ಹೇಳುತ್ತಾಳೆ. ಮಗುವನ್ನು ಬಾಚಿ ಎತ್ತಿಕೊಂಡೆ. ಅಂಗೈಯಿಂದ ನೀರು ಮೊಣಕೈಗೆ ಇಳಿಯುತ್ತಿತ್ತು.

ಅವತ್ತು ಮನೆಯಲ್ಲಿ ದೊಡ್ಡ ಗಲಾಟೆ. ಗೀತಾ ಗಂಡನನ್ನು ಬೈದಳು, ನನ್ನನ್ನು ಬೈದಳು, ಕೊನೆಗೆ ತನ್ನನ್ನೇ ಬೈದುಕೊಂಡು ಅತ್ತಳು. ಸುರೇಶ ಹೋಗಿ ಸಂಪಿನ ಮುಚ್ಚಳ ಹಾಕಿ ಬಂದ. ಅಳುವುದೆಲ್ಲ ಮುಗಿಯಲಿ ಎಂದು ಕಾದು ನಾನು ಹೇಳಿದೆ. "ಅದು ನೀರಿಂದ ಬಂದಿದ್ದು, ನೀರಿಗೇ ಎಳೀತದೆ. ಎಲ್ಲಿಂದ ಕರೆದಿರೋ ಅಲ್ಲೇ ಬಿಟ್ಟು ಬರಾದು. ಇಲ್ಲೇ ಇರು, ನಮ್ಮ ಜೊತೆ ಬರಬೇಡ ಅಂತ ಹೇಳಿ ಬರಾದು. ಕರೆದವಳು ನೀನು. ಹೇಳಬೇಕಾದವಳೂ ನೀನೇ."

"ನಂಗೆ ಆಗಲ್ಲಮ್ಮ. ನೀನೇ ಹೇಳು."

"ಅತ್ತೆ, ಇದನ್ನೆಲ್ಲ ನೀವು ನಂಬ್ತೀರಾ?" ಎಂದ ಸುರೇಶ.

"ನಂಬಾದು ಬಿಡಾದು ಆಮೇಲೆ. ಕಾರಿಗೆ ಪೆಟ್ರೋಲ್ ಹಾಕ್ಸಿ" ಎಂದೆ.

ಪಕ್ಕದ ಮನೆಯವರಿಗೆ ಆಗುಂಬೆಗೆ ಹೋಗಿ ಬರುತ್ತೇವೆ ಎಂದು ಸುಳ್ಳು ಹೇಳಿ, ಮುಂದಿನ ಭಾನುವಾರ ಹೊರಟೆವು. ಮಳೆ ಹಿಡಿದಿತ್ತು. ಕಾರಿನಲ್ಲಿ ಪುಟ್ಟಿ ನನ್ನ ತೊಡೆಯ ಮೇಲೆ ಕೂತು ಎಡಪಕ್ಕದ ಸೀಟಿನ ಕಡೆ ತಿರುಗಿ ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಿತ್ತು. ಹೇಳಿ, ನಿಲ್ಲಿಸಿ, ಕೇಳಿಸಿಕೊಂಡು, ಮತ್ತೆ ಹೇಳುತ್ತಿತ್ತು.

ಆ ಮಣ್ಣು ದಾರಿಯಲ್ಲಿ ಇಳಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುರೇಶ ಬ್ರೇಕು ಹಾಕಿದ. ಮುಂದೆ ನೀರು. ಮಳೆಗೆ ಹಿನ್ನೀರು ಏರಿಬಿಟ್ಟಿತ್ತು. ನಾವು ಚಾಪೆ ಹಾಸಿದ ಜಾಗ ಎಲ್ಲಿ ಎಂದು ಹುಡುಕಿದೆವು. ಮನೆಯಿಲ್ಲ, ಪಾಯವಿಲ್ಲ, ಆ ಎಳೆ ಹುಲ್ಲೂ ಇಲ್ಲ. ಗೊತ್ತಿದ್ದ ಒಂದು ಬೊಡ್ಡೆಯ ತುದಿ ಮಾತ್ರ ನೀರಿನ ಮೇಲೆ ಒಂದು ಗೇಣು ಕಾಣುತ್ತಿತ್ತು. ಮಳೆ ಸ್ವಲ್ಪ ಬಿಟ್ಟಿತ್ತು. ಕೆಂಪು ನೀರು ಸದ್ದಿಲ್ಲದೆ ದಂಡೆಯ ಹುಲ್ಲಿನೊಳಗೆ ನುಸುಳಿ ಬರುತ್ತಿತ್ತು.

"ನೀವು ಇಲ್ಲೇ ಇರಿ" ಎಂದು ಮಗಳು ಅಳಿಯನಿಗೆ ಹೇಳಿ, ಪುಟ್ಟಿಯನ್ನು ನಡೆಸಿಕೊಂಡು ಹೋದೆ. ಬಲಗೈ ನನ್ನ ಕೈಯಲ್ಲಿತ್ತು. ಎಡಗೈ ಎತ್ತಿತ್ತು. ಮೂರು ಜನ ನಡೆದ ಹಾಗೆ ನೀರಿನ ಅಂಚಿಗೆ ಬಂದೆವು.

ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಬಗ್ಗಿ, ಮಗುವಿನ ಬಲಗೈ ಬಿಟ್ಟೆ. ಅದರ ಹಿಂದೆಯೇ, ಅಂಗಿಗೆ ತಾಗದ ಹಾಗೆ, ನನ್ನ ಎರಡೂ ಕೈ ಸುತ್ತ ಒಡ್ಡಿಕೊಂಡು ನಿಂತೆ. ಎಳೆಯುವುದು ಯಾವುದು, ಎಷ್ಟು ಎಳೆಯುತ್ತದೆ ಎಂದು ಒಮ್ಮೆ ನನ್ನ ಕಣ್ಣಿಂದ ನೋಡಬೇಕಿತ್ತು.

ಪುಟ್ಟಿ ನೀರು ನೋಡಿ ನಕ್ಕಿತು. ಬಲಗೈ ಮುಂದೆ ಚಾಚಿ ನೀರಿಗೆ ಹೆಜ್ಜೆ ಎತ್ತಿತು. ಯಾವ ಮಗುವಾದರೂ ನೀರು ಕಂಡರೆ ಹೋಗುವುದೇ. ಆದರೆ ಕಾಲು ಮುಂದೆ ಊರಲಿಲ್ಲ. ಎಡಗೈ ಹಿಂದಕ್ಕೆ, ದಡದ ಕಡೆಗೆ, ನೆಟ್ಟಗೆ ಸೆಟೆದು ನಿಂತಿತ್ತು. ಮಗು ಮುಂದೆ ವಾಲಿ ಜಗ್ಗಿತು. ಕೈ ಬರಲಿಲ್ಲ. ಮತ್ತೆ ಜಗ್ಗಿತು. ಅಂಗಡಿಯ ಮುಂದೆ ಮಿಠಾಯಿಗೆ ಜಗ್ಗುವ ಮಗುವನ್ನು ತಾಯಿ ಬಿಗಿಯಾಗಿ ಹಿಡಿದಿರುತ್ತಾಳಲ್ಲ, ಹಾಗೆ. ನೀರಿಗೆ ಬಿಡಲಿಲ್ಲವೆಂದು ಸಿಟ್ಟಿಗೆ ಕಿರುಚಿ ಅತ್ತಿತು. ಸಂಪಿನ ಹತ್ತಿರ ಅತ್ತ ಅಳುವೇ ಅದು. ಅವತ್ತೂ ಕೈ ಗೋಡೆಯ ಕಡೆಗೇ ಚಾಚಿತ್ತು, ಸಂಪಿನ ಕಡೆಗಲ್ಲ. ಓಡುವ ಗಡಿಬಿಡಿಯಲ್ಲಿ ನಾನು ಅದನ್ನು ಉಲ್ಟಾ ತಿಳಿದಿದ್ದೆ.

ಮಗುವನ್ನು ಎತ್ತಿ ಕಂಕುಳಿಗೆ ಹಾಕಿಕೊಂಡೆ. ಮಳೆ ಮತ್ತೆ ಹನಿಯತೊಡಗಿತು. ಯಾರ ಮಗುವೋ. ಊರು ಬಿಡುವಾಗ ಜನ ಪಾತ್ರೆ ಹೊತ್ತರು, ಬಾಗಿಲು ಕಿತ್ತು ಹೊತ್ತರು, ಹೆಂಚು ಹೊತ್ತರು. ಹಿತ್ತಿಲಲ್ಲಿ ಹೂತ ಕೂಸನ್ನು ಹೊರುವ ಹಾಗಿಲ್ಲ. ನೀರು ಅಂದರೆ ಏನು ಎಂದು ನಮ್ಮೆಲ್ಲರಿಗಿಂತ ಚೆನ್ನಾಗಿ ತಿಳಿದ ಮಗು ಅದು. ಇಲ್ಲೇ ಇರು ಎಂದು ಹೇಳಲು ಬಂದಿದ್ದೆ. ಇಲ್ಲೇ ಎಂದರೆ ಎಲ್ಲಿ? ಎದುರಿಗೆ ಇದ್ದದ್ದು ಬರೀ ನೀರು.

ಗೀತಾ ಮೇಲಿನಿಂದ ಕೂಗಿದಳು. "ಹೇಳಿದ್ಯಾ ಅಮ್ಮ?"

"ಹೇಳಿದೆ" ಎಂದೆ.

ಕಾರಿನ ಹತ್ತಿರ ಬಂದೆ. ಹಿಂದಿನ ಬಾಗಿಲು ತೆರೆದು, ಮಗುವಿನ ಜೊತೆ ಹತ್ತಿ ಕೂತೆ. ಗೀತಾ ಮುಂದೆ ಕೂತು ಕಣ್ಣು ಒರೆಸಿಕೊಂಡಳು. ಸುರೇಶ ಎಂಜಿನ್ ಶುರು ಮಾಡಿ, ಕನ್ನಡಿಯಲ್ಲಿ ನನ್ನ ಕಡೆ ನೋಡಿದ.

"ಬಾಗಿಲು ಹಾಕಿ ಅತ್ತೆ, ಎರಚಲು ಹೊಡೀತದೆ."

"ತಡೀರಿ ಮಾರಾಯ್ರೇ" ಎಂದೆ. ಬಾಗಿಲ ಕಡೆ ಒಂದಿಷ್ಟು ಜಾಗ ಬಿಟ್ಟು, ಸೀಟಿನ ಮೇಲೆ ಒಳಕ್ಕೆ ಸ್ವಲ್ಪ ಸರಿದು ಕೂತೆ. ಆಮೇಲೆ ಕೈ ಚಾಚಿ ಬಾಗಿಲು ಹಾಕಿದೆ.